ಕಾಜಾದಮ್ಮ ಕೊಟ್ಟದ್ದು ಮೂರು ರಿಂಗು

ಶರ್ಟಿನ ಒಂದು ಕಾಜಾಕ್ಕೆ ಇಪ್ಪತ್ತನಾಲ್ಕು ಹೊಲಿಗೆ, ಕೋಟಿನ ಕಾಜಾಕ್ಕೆ ಮೂವತ್ತಾರು. ಒಂದು ಹೆಚ್ಚಾಗಬಾರದು, ಒಂದು ಕಡಿಮೆಯೂ ಆಗಬಾರದು. ಗುಂಡಿ ತೂರಿ ಹೋಗುವ ಆ ಸಣ್ಣ ಸೀಳಿನ ಸುತ್ತ ದಾರವು ಇರುವೆ ಸಾಲಿನ ಹಾಗೆ ಒತ್ತೊತ್ತಾಗಿ ಕೂರಬೇಕು. ನಲವತ್ತೊಂದು ವರ್ಷ ಇದೊಂದೇ ಕೆಲಸ ಮಾಡಿದ್ದಕ್ಕೆ ಬೀದಿಯವರೆಲ್ಲ ಅವಳನ್ನು ಕಾಜಾದಮ್ಮ ಅಂತಲೇ ಕರೆಯುತ್ತಿದ್ದರು. ಮಿಷನ್ನು ಕಾಜಾ ಹೊಡೆಯುವ ಕಾಲ ಬಂದು ಎಷ್ಟೋ ವರ್ಷವಾಗಿತ್ತು. ಆದರೂ ಒಳ್ಳೆಯ ಕೋಟು ಹೊಲಿಸುವವರು ಕೈಕಾಜಾವನ್ನೇ ಕೇಳುತ್ತಾರೆಂದು ದೊಡ್ಡ ಬೀದಿಯ ಟೈಲರ್ ಮಾಸ್ತರು ವಾರಕ್ಕೆ ಎರಡು ಸಲ ಕೋಟುಗಳ ಗಂಟು ಹೊತ್ತು ತಂದು ಅವಳ ಬಾಗಿಲ ಪಕ್ಕದ ಬೆಂಚಿನ ಮೇಲೆ ಇಟ್ಟು ಹೋಗುತ್ತಿದ್ದರು.

ಓದಿದ್ದು ಮೂರನೇ ಕ್ಲಾಸು. ಆದರೆ ಎಣಿಸುವುದಕ್ಕೆ ಶಾಲೆ ಯಾಕೆ, ಬೆರಳು ಸಾಕು. ಮನೆಯ ಮೆಟ್ಟಿಲು ಹದಿನಾಲ್ಕು, ಅಕ್ಕನ ಮನೆಗೆ ಬಸ್ಸಿನಲ್ಲಿ ಹನ್ನೊಂದು ಸ್ಟಾಪು, ಮಾಸ್ತರು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಒಂಬತ್ತು ಸಲ ಸೊರ್ ಅನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಗಂಡ ಎಷ್ಟು ಸಲ ಸೀನಿದ ಅನ್ನುವುದನ್ನೂ ಎಣಿಸಿ ಹೇಳುತ್ತಿದ್ದಳು. "ನಿನ್ನನ್ನ ಕಟ್ಟಿಕೊಂಡು ನಂಗೆ ಸೀನೋಕೂ ಭಯ" ಅಂತ ಆ ಪುಣ್ಯಾತ್ಮ ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದ.

ಅವಳಿಗೆ ಇದ್ದವಳು ಒಬ್ಬಳೇ ಅಕ್ಕ. ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗದ ಪಕ್ಕ ನಿಂತು ನಿಂತು ಅಕ್ಕನ ಕಿವಿ ಹೋಗಿತ್ತು. ಎದುರಿಗೆ ನಿಂತು ಬಾಯಿ ತೆರೆದು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಫೋನಿನಲ್ಲಿ ಮಾತ್ರ ಒಂದು ಅಕ್ಷರವೂ ಕೇಳದು. ಆದರೆ ಫೋನು ಮಾಡಿದಾಗ ಕಿವಿಗೆ ಬರುವ ಟ್ರೂಂ ಸದ್ದು ಕೇಳುತ್ತಿತ್ತು, ಫೋನಿನ ಗಂಟೆಯೂ ಕೇಳುತ್ತಿತ್ತು. ಕೇಳದಿದ್ದರೂ ಅಂಗೈ ಇಟ್ಟರೆ ಅದು ನಡುಗುವುದು ಗೊತ್ತಾಗುತ್ತಿತ್ತು. ಅಷ್ಟು ಸಾಕಲ್ಲ. ಅಕ್ಕತಂಗಿಯರು ಕೂತು ಒಂದು ಕಟ್ಟಳೆ ಮಾಡಿಕೊಂಡರು. ಬೆಳಗ್ಗೆ ಏಳೂವರೆಗೆ ತಂಗಿ ಅಕ್ಕನಿಗೆ ಒಂದು ರಿಂಗು ಕೊಟ್ಟು ಇಡಬೇಕು. ಅಂದರೆ, ಎದ್ದಿದ್ದೀನಿ, ಚೆನ್ನಾಗಿದ್ದೀನಿ. ಅಕ್ಕ ತಿರುಗಿ ಒಂದು ಕೊಡಬೇಕು, ನಾನೂ ಅಷ್ಟೇ. ಎರಡು ಕೊಟ್ಟರೆ, ನಾನು ಬರ್ತಿದ್ದೀನಿ, ಮನೆ ಬಿಟ್ಟು ಹೋಗಬೇಡ. ಮೂರು ಕೊಟ್ಟರೆ, ನೀನು ಬಾ. ನಾಲ್ಕು ಕೊಟ್ಟರೆ, ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಓಡಿ ಬಾ.

ಅಲ್ಲಿಂದೀಚೆಗೆ ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ರಿಂಗು ಹೋದದ್ದು ಒಂದೇ ಸಲ. ಒಂಬತ್ತು ವರ್ಷದ ಹಿಂದೆ ಕಾಜಾದಮ್ಮನ ಗಂಡ ಚಹಾ ಕುಡಿದ ಲೋಟ ಕೆಳಗಿಟ್ಟು, ಗೋಡೆಗೆ ಒರಗಿ, ಮತ್ತೆ ಏಳಲಿಲ್ಲ. ಅವತ್ತು ಅಕ್ಕ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದು ಕಾಲಿಗೆ ಮಗಳ ಚಪ್ಪಲಿ ಹಾಕಿಕೊಂಡು ಬಂದು ನಿಂತಿದ್ದಳು.

ಹೀಗಿರುವಾಗ ಬೀದಿಯ ಹಳೆಯ ತಾಮ್ರದ ತಂತಿ ತೆಗೆಯುತ್ತಾರೆ, ಇನ್ನು ಫೋನೆಲ್ಲ ಇಂಟರ್‌ನೆಟ್ಟಿನಲ್ಲೇ ಅಂತ ಕಾಗದ ಬಂತು. ಮೂರು ಸಲ ಬಂತು. ಮೂರನೆಯದು ಕೆಂಪು ಅಕ್ಷರದಲ್ಲಿತ್ತು. ಕಾಜಾದಮ್ಮ ಇದ್ದದ್ದು ಮಗಳು, ಅಳಿಯನ ಜೊತೆ. ಅಳಿಯನದು ಲಿಫ್ಟ್ ರಿಪೇರಿ ಕೆಲಸ. ತಂತಿ ಕಂಡರೆ ಅವನಿಗೆ ಹಬ್ಬದೂಟ ಕಂಡ ಹಾಗೆ. "ಅತ್ತೆ, ಇದು ಮೊದಲೇ ಆಗಬೇಕಿತ್ತು" ಅಂದ. "ನಿಂಗೇನಪ್ಪ, ಮೇಲೆ ಕಳಿಸಿ ಕೆಳಗೆ ಇಳಿಸೋನು. ನಂಗೆ ಇದ್ದಲ್ಲೇ ಇದ್ರೆ ಸಾಕು" ಅಂದಳು ಅವಳು.

ಮಂಗಳವಾರ ವೈರಿನವನು ಬಂದ. ದಪ್ಪ ಆಸಾಮಿ, ಮಂಡಿ ನೋವು. ಕೆಳಗೆ ಕೂತರೆ ಏಳಲಾರೆ ಅಂತ ಮೊದಲು ಸ್ಟೂಲು ಕೇಳಿದ. ಗೋಡೆಯಿಂದ ಹಳೆಯ ತಂತಿ ಕಿತ್ತು, ಸೋಪಿನ ಡಬ್ಬಿಯಷ್ಟು ದೊಡ್ಡ ಬಿಳಿ ಡಬ್ಬಿಯೊಂದನ್ನು ಮೊಳೆ ಹೊಡೆದು ಕೂರಿಸಿ, ಹಳೆಯ ಕಪ್ಪು ಫೋನನ್ನು ಅದಕ್ಕೇ ಸಿಕ್ಕಿಸಿದ.

"ನೋಡಿ ಅಮ್ಮ, ನಿಮ್ಮ ಫೋನು ಅದೇ, ನಂಬರೂ ಅದೇ. ಹೊಟ್ಟೆ ಒಳಗಿಂದು ಮಾತ್ರ ಬೇರೆ."

ಡಬ್ಬಿಯಲ್ಲಿ ಹಸಿರು ದೀಪ ನಾಲ್ಕು. ಮೂರು ಸುಮ್ಮನಿದ್ದವು, ಒಂದು ಮಿಟುಕುತ್ತಿತ್ತು.

"ಅದ್ಯಾಕೆ ಅದೊಂದು ಹಾಗೆ?"

"ಮಿಟುಕಿದ್ರೆ ಒಳ್ಳೇದು. ಕೆಲಸ ಮಾಡ್ತಿದೆ ಅಂತ."

"ಕಣ್ಣು ಮಿಟುಕಿಸೋರನ್ನ ನಂಬಬೇಡ ಅಂತಿದ್ದಳು ನಮ್ಮಮ್ಮ" ಅಂದಳು ಕಾಜಾದಮ್ಮ. ವೈರಿನವನು ಸ್ಟೂಲಿನ ಮೇಲೆ ಕೂತೇ ನಕ್ಕ.

ಅಳಿಯ ಬೀದಿಗೆ ಇಳಿದು ತನ್ನ ಮೊಬೈಲಿನಿಂದ ಕರೆ ಮಾಡಿ ನೋಡಿದ. ಗಂಟೆ ಹೊಡೆಯಿತು, ಅವಳು ಎತ್ತಿದಳು. "ಅತ್ತೆ, ಕೇಳ್ತಿದೆಯಾ?" "ಕಿಟಕಿಯಿಂದಲೇ ಕೇಳ್ತಿದೆ, ಮೇಲೆ ಬಾ." ಪಕ್ಕದಲ್ಲೇ ಕೂತು ಮಾತಾಡಿದಷ್ಟು ಚೆನ್ನಾಗಿದೆ ಅಂತ ಮಗಳೂ ಹೇಳಿದಳು. ಕೆಲಸ ಮುಗಿಯಿತು.

ಬುಧವಾರ ಬೆಳಗ್ಗೆ ಏಳೂವರೆಗೆ ಕಾಜಾದಮ್ಮ ಎಂದಿನಂತೆ ಅಕ್ಕನ ನಂಬರು ತಿರುಗಿಸಿದಳು. ಕಿವಿಯಲ್ಲಿ ಟ್ರೂಂ ಅಂತ ಒಂದು ಸದ್ದು ಬಂತು. ಇಟ್ಟಳು. ಕೈ ಮಡಚಿ ಕೂತಳು. ಹತ್ತು ಎಣಿಸುವಷ್ಟರಲ್ಲಿ ಅಕ್ಕನ ರಿಂಗು ಬರಬೇಕು. ನೂರು ಎಣಿಸಿದರೂ ಬರಲಿಲ್ಲ. ಬಚ್ಚಲಿನಲ್ಲಿರಬೇಕು ಅಂದುಕೊಂಡಳು. ಎಂಟು ಗಂಟೆಯಾಯಿತು, ಒಂಬತ್ತಾಯಿತು. ಮತ್ತೊಂದು ರಿಂಗು ಕೊಡೋಣವೆಂದರೆ ಒಂದಕ್ಕೆ ಒಂದು ಕೂಡಿ ಎರಡಾಗುತ್ತದೆ, ಬರ್ತಿದ್ದೀನಿ ಅಂತ ಅರ್ಥವಾಗುತ್ತದೆ. ಸುಮ್ಮನಾದಳು.

ಗುರುವಾರವೂ ಹಾಗೇ ಆಯಿತು. ಒಂದು ಕೊಟ್ಟಳು, ಉತ್ತರವಿಲ್ಲ. ಇವತ್ತು ಹೋಗಿಯೇ ಬಿಡೋಣ ಅಂತ ಚಪ್ಪಲಿ ಮೆಟ್ಟುವಾಗ ಫೋನು ಹೊಡೆಯಿತು. ಒಂದು. ಎರಡು. ನಿಂತಿತು.

ಎರಡು. ಅಕ್ಕ ಬರುತ್ತಿದ್ದಾಳೆ, ಮನೆ ಬಿಡಬೇಡ ಅನ್ನುತ್ತಿದ್ದಾಳೆ. ಕಾಜಾದಮ್ಮ ಚಪ್ಪಲಿ ಕಳಚಿ, ನೆಲ ಒರೆಸಿ, ಅಕ್ಕನಿಗೆ ಇಷ್ಟವಾದ ಬೆನ್ನು ಎತ್ತರದ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು ಹಾಕಿದಳು. ಬೇಳೆ ಬೇಯಿಸಿ ಮುಚ್ಚಿಟ್ಟಳು. ಹನ್ನೊಂದು ಸ್ಟಾಪು, ಅರ್ಧ ಗಂಟೆ, ಟ್ರಾಫಿಕ್ ಇದ್ದರೆ ಮುಕ್ಕಾಲು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮಧ್ಯಾಹ್ನವಾಯಿತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗಲೆಲ್ಲ ಎಣಿಸಿದಳು, ಹದಿನಾಲ್ಕಕ್ಕೆ ಬಾಗಿಲು. ಎಂಟಕ್ಕೆ ನಿಂತವು ಕೆಳಗಿನ ಮನೆಯವು. ಹದಿನಾಲ್ಕು ಹತ್ತಿ ಬಂದದ್ದು ಟೈಲರ್ ಮಾಸ್ತರು, ಆಮೇಲೆ ಮಗಳು.

"ಯಾರಾದ್ರೂ ಬರೋರಿದ್ರಾ?" ಅಂತ ಕುರ್ಚಿ ನೋಡಿ ಮಗಳು ಕೇಳಿದಳು.

"ಇಲ್ಲ. ಬಿಸಿಲಿಗೆ ಇರಲಿ ಅಂತ ಹಾಕಿದೆ, ತಿಗಣೆ."

ಯಾಕೆ ಸುಳ್ಳು ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು.

ಅವಳ ಅಮ್ಮನಿಗೆ ಕೊನೆಗಾಲದಲ್ಲಿ ತಲೆ ಹೋಗಿತ್ತು. ಮೊದಲು ಹೋದದ್ದು ಲೆಕ್ಕ. ಐದು ಜನಕ್ಕೆ ಏಳು ತಟ್ಟೆ ಇಡುವಳು. ಯಾರಿಗೆ ಅಂದರೆ ಬೆರಳು ಮಡಚಿ ಎಣಿಸುವಳು, ಮತ್ತೆ ಏಳೇ ಬರುವುದು. ಎಲ್ಲರೂ ನಗುತ್ತಿದ್ದರು, ಅಮ್ಮನೂ ನಗುತ್ತಿದ್ದಳು. ಆಮೇಲೆ ಹೆಸರುಗಳು ಹೋದವು. ಆಮೇಲೆ ಮುಖಗಳು. ಕೊನೆಯ ವರ್ಷ ಇವಳನ್ನು ಹಾಲಿನವಳೆಂದೂ ಅಕ್ಕನನ್ನು ದಾದಿಯೆಂದೂ ತಿಳಿದಿದ್ದಳು. ಸ್ನಾನ ಮಾಡಿಸುವಾಗ ಅಕ್ಕ ಒಂದು ಸಲ ಹೇಳಿದ್ದಳು: "ನೆನಪಿಟ್ಕೋ. ಲೆಕ್ಕ ಮೊದಲು ಹೋಗುತ್ತೆ."

ನೆನಪಿತ್ತು.

ಹಾಗಾದರೆ ಬಂದದ್ದು ಎರಡು ರಿಂಗಲ್ಲವೋ? ಎರಡೆಂದು ತನಗೆ ಅನ್ನಿಸಿತೋ? ಬುಧವಾರ ತಾನು ಕೊಟ್ಟದ್ದು ಒಂದೋ, ಅಥವಾ ಕೊಡಲೇ ಇಲ್ಲವೋ? ಫೋನು ಸರಿಯಿದೆ. ಅಳಿಯ ನೋಡಿದ್ದಾನೆ, ಮಗಳು ನೋಡಿದ್ದಾಳೆ, ಅದೇ ಫೋನು, ಅದೇ ನಂಬರು. ಕೆಟ್ಟಿರುವುದು ಫೋನಲ್ಲದಿದ್ದರೆ ಇನ್ನೇನು ಉಳಿಯಿತು? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ.

ಆ ಸಂಜೆ ಕೋಟು ಹಿಡಿದು ಕೂತಳು. ಬಲಗೈ ನಡುಬೆರಳಿಗೆ ಹಿತ್ತಾಳೆಯ ಬೆರಳಟೋಪಿ ಏರಿಸಿ, ಸೂಜಿಯ ಹಿಂಬದಿ ನೂಕುತ್ತಾ ಎಣಿಸಿದಳು. ಮೂವತ್ತಾರು. ಮತ್ತೆ ಉಗುರಿನಿಂದ ಒಂದೊಂದೇ ಮುಟ್ಟಿ ಎಣಿಸಿದಳು. ಮೂವತ್ತೈದು. ಮತ್ತೆ ಎಣಿಸಿದಳು. ಮೂವತ್ತೇಳು. ಕಣ್ಣು ಮಂಜಾಯಿತು. ಇಡೀ ಕಾಜಾವನ್ನು ಬಿಚ್ಚಿ ಹಾಕಿದಳು.

ಶುಕ್ರವಾರ ಬೆಳಗ್ಗೆ ಮಾಸ್ತರು ಬಂದು ಕೋಟು ಬೆಳಕಿಗೆ ಹಿಡಿದರು. ಬಿಚ್ಚಿದ ಸೂಜಿತೂತುಗಳು ಕಾಣಿಸಿದವು. "ಇಲ್ಲಿ ಸರಿಯಾಗೇ ಇತ್ತಲ್ಲ, ಯಾಕೆ ಬಿಚ್ಚಿದ್ರಿ?"

"ಲೆಕ್ಕ ತಪ್ಪಿತ್ತು."

"ನಿಮಗೆ?" ಮಾಸ್ತರು ನಕ್ಕುಬಿಟ್ಟರು. "ಸೂರ್ಯ ಪಶ್ಚಿಮಕ್ಕೆ ಹುಟ್ಟಿದ್ರೂ ನಂಬ್ತೀನಿ, ಇದನ್ನ ನಂಬಲ್ಲ."

ಅವಳು ನಗಲಿಲ್ಲ. ಮಾಸ್ತರ ನಗುವೂ ಅರ್ಧಕ್ಕೆ ನಿಂತಿತು. ಚಹಾ ಕುಡಿದು ಹೋದರು. ಎಷ್ಟು ಸೊರ್ ಅಂದರೋ ಅವಳು ಎಣಿಸಲಿಲ್ಲ. ಎಣಿಸಲು ಹೆದರಿಕೆಯಾಯಿತು.

ಏಳೂವರೆಗೆ ಕೊಡಬೇಕಾದ ರಿಂಗನ್ನು ಅವತ್ತು ಒಂಬತ್ತಕ್ಕೆ ಕೊಟ್ಟಳು. ಮಗಳೂ ಅಳಿಯನೂ ಕೆಲಸಕ್ಕೆ ಹೋಗಲಿ ಅಂತ ಕಾದಿದ್ದಳು. ಮೂರು ಕೊಡಬೇಕು, ನೀನು ಬಾ. ಅಕ್ಕ ಬಂದರೆ ಅವಳ ಮುಂದೆ ಬಾಯಿ ಬಿಡಬಹುದು. ತಾನೇ ಹೋಗೋಣವೆಂದರೆ, ಹಿಂದಿನ ದಿನ ಬರ್ತೀನಿ ಅಂದವಳು ಇವತ್ತು ಹೊರಟು, ದಾರಿಯಲ್ಲಿ ಬಸ್ಸುಗಳು ಎದುರುಬದುರು ಹಾದುಹೋದರೆ? ಬೆರಳು ಮಡಚಿಕೊಂಡೇ ಎಣಿಸಿದಳು. ಟ್ರೂಂ, ಒಂದು ಬೆರಳು. ಟ್ರೂಂ, ಎರಡು. ಟ್ರೂಂ, ಮೂರು. ಇಟ್ಟಳು. ಮಡಚಿದ ಮೂರು ಬೆರಳನ್ನು ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು, ಬಿಚ್ಚಿದರೆ ಸಾಕ್ಷಿ ಹೋಗುತ್ತದೆ ಅನ್ನುವಂತೆ.

ಅಕ್ಕ ಬರಲಿಲ್ಲ. ಬೆಳಗ್ಗಿನಿಂದ ಸಂಜೆಯವರೆಗೆ ಕುರ್ಚಿ ಕಿಟಕಿಯ ಹತ್ತಿರವೇ ಇತ್ತು.

ಸಂಜೆ ಅಡುಗೆಮನೆಯಲ್ಲಿ ಮಗಳು ಅಳಿಯನಿಗೆ ಮೆಲ್ಲಗೆ ಹೇಳುವುದು ಕೇಳಿಸಿತು. "ಅಮ್ಮ ಎರಡು ದಿನದಿಂದ ತನ್ನಷ್ಟಕ್ಕೆ ತಾನೇ ಎಣಿಸ್ತಿದ್ದಾಳೆ."

"ಯಾವಾಗ ಎಣಿಸಲ್ಲ ನಿಮ್ಮಮ್ಮ?"

"ಹಾಗಲ್ಲ. ಎಣಿಸಿದ್ದನ್ನೇ ಎಣಿಸ್ತಾಳೆ. ಅಜ್ಜಿ ಹಾಗೆ."

ಕಾಜಾದಮ್ಮ ಕೋಟಿನ ಮೇಲೆ ಇನ್ನೂ ಬಗ್ಗಿದಳು. ತುಟಿ ಮಾತ್ರ ಅಲುಗದ ಹಾಗೆ ನೋಡಿಕೊಂಡಳು.

ಶನಿವಾರ ಮಗಳಿಗೆ ರಜೆ, ತರಕಾರಿಗೆ ಹೋಗಿದ್ದಳು. ಅಳಿಯ ಯಾವುದೋ ಕಟ್ಟಡದಲ್ಲಿ ನಿಂತುಹೋದ ಲಿಫ್ಟಿಗೆ ಹೋಗಿದ್ದ. ಕಾಜಾದಮ್ಮ ಫೋನು ಮುಟ್ಟಲಿಲ್ಲ. ಅದರ ಕಡೆ ಬೆನ್ನು ಹಾಕಿ ಕೂತು ಹೊಲಿಯುತ್ತಿದ್ದಳು. ಒಂಬತ್ತೂಕಾಲಿಗೆ ಫೋನು ಹೊಡೆಯಿತು.

ಒಂದು.

ಎರಡು. ಬರ್ತಾಳಂತೆ, ಬಂದ ಹಾಗೆ.

ಮೂರು. ನಾನು ಬರಬೇಕಂತೆ.

ನಾಲ್ಕು.

ಆಮೇಲೆ ನಿಂತಿತು. ಐದಾಗಲಿಲ್ಲ. ಕಾಜಾದಮ್ಮ ಎದ್ದೇಬಿಟ್ಟಳು. ತಲೆ ಸರಿಯಿದೆಯೋ ಇಲ್ಲವೋ, ಆ ಯೋಚನೆಗೆ ಹೊತ್ತಿರಲಿಲ್ಲ. ನಾಲ್ಕು ಅಂದರೆ ನಾಲ್ಕು. ಬಾಗಿಲು ಎಳೆದುಕೊಂಡಳೋ ಇಲ್ಲವೋ. ಬಸ್ಸಿನಲ್ಲಿ ಕೂತ ಮೇಲೆ ನೋಡಿಕೊಂಡರೆ ಬಲಗೈಯಲ್ಲಿ ದೊಡ್ಡ ಕತ್ತರಿ, ಬೆರಳಲ್ಲಿ ಬೆರಳಟೋಪಿ, ಕುತ್ತಿಗೆಗೆ ಸುತ್ತಿಕೊಂಡ ಕಪ್ಪು ದಾರ, ಅದರ ತುದಿಯಲ್ಲಿ ಸೂಜಿ. ಪಕ್ಕದಲ್ಲಿ ಕೂತಿದ್ದವನು ಕತ್ತರಿ ನೋಡಿ ಎದ್ದು ಹಿಂದಿನ ಸೀಟಿಗೆ ಹೋದ. ಯಾರಿಗೆ ಏನಾಗಿರಬಹುದು? ಅಕ್ಕನಿಗೇ ಆಗಿದ್ದರೆ ಫೋನು ಮಾಡಿದವರು ಯಾರು? ಅಕ್ಕನ ಮಗಳಿಗೆ ಆಗಿದ್ದರೆ? ಆ ಹುಡುಗಿ ಆಸ್ಪತ್ರೆಯ ಬಟ್ಟೆ ಒಗೆಯುವ ಮಿಷನ್ನಿನ ಮುಂದೆ ನಿಲ್ಲುವವಳು. ಸ್ಟಾಪುಗಳನ್ನು ಎಣಿಸುವುದೇ ಮರೆತು, ಒಂದು ಸ್ಟಾಪು ಮುಂದೆ ಹೋಗಿ ಇಳಿದು, ಏದುಸಿರು ಬಿಡುತ್ತಾ ಹಿಂದಕ್ಕೆ ಓಡಿದಳು.

ಬೇಕರಿಯ ಮೇಲಿನ ಎರಡು ಕೋಣೆ ಅಕ್ಕನದು. ಬಾಗಿಲು ತೆರೆದೇ ಇತ್ತು. ಅಕ್ಕ ಮೇಜಿನ ಮುಂದೆ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಕಲ್ಲುಗುಂಡಿನ ಹಾಗೆ ಇದ್ದಳು.

"ಬಂದ್ಯಾ ಮಹಾರಾಣಿ" ಅಂದಳು ಅಕ್ಕ. ಕಿವಿ ಕೇಳದವಳಿಗೆ ತನ್ನ ದನಿಯೂ ಕೇಳದಲ್ಲ, ಮಾತೆಲ್ಲ ಬೀದಿಗೆ ಕೇಳುವ ಅಳತೆಯಲ್ಲೇ ಬರುತ್ತಿತ್ತು. "ಕತ್ತರಿ ಬೇರೆ ತಂದಿದ್ದೀಯ. ಕುತ್ತಿಗೆ ಕುಯ್ಯೋಕಾ?"

ಕಾಜಾದಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಅಲ್ಲೇ ಕೂತಳು. ಉಸಿರು ತಿರುಗಿದ ಮೇಲೆ ಎದ್ದು ಅಕ್ಕನ ಮುಖದ ಮುಂದೆ ಹೋಗಿ ಬಾಯಿ ದೊಡ್ಡದು ಮಾಡಿ ಕೇಳಿದಳು. "ಯಾರಿಗೆ ಏನಾಯ್ತು?"

"ಯಾರಿಗೆ ಏನಾಗಬೇಕಿತ್ತು? ಬಾ ಅಂತ ಕರೆದೆ. ಬುಧವಾರ ಒಂದು ಸದ್ದಿಲ್ಲ, ಗುರುವಾರ ಸದ್ದಿಲ್ಲ. ಮರ್ಯಾದೆ ಬಿಟ್ಟು ನಾನೇ ಒಂದು ಕೊಟ್ಟೆ. ಅದಕ್ಕೂ ಉತ್ತರ ಇಲ್ಲ. ನಿನ್ನೆ ಬರ್ತೀನಿ ಅಂತ ನೀನು ಎರಡು ಕೊಟ್ಟೆ, ಇಡೀ ದಿನ ಬಾಗಿಲು ಕಾಯಿಸಿದೆ. ಸ್ನಾನಕ್ಕೂ ಹೋಗಲಿಲ್ಲ ನಾನು, ನೀನು ಬಾಗಿಲು ತಟ್ಟಿದ್ರೆ ಕೇಳಲ್ಲ ಅಂತ. ಇವತ್ತು ನಾನು ಮೂರು ಕೊಟ್ಟೆ, ಬರಲಿ, ಮುಖ ನೋಡೋಣ ಅಂತ."

"ನೀನು ನಾಲ್ಕು ಕೊಟ್ಟೆ."

"ಮೂರು."

"ನಾಲ್ಕು ಬಂತು. ನಿನ್ನೆ ನಾನು ಕೊಟ್ಟದ್ದು ಎರಡಲ್ಲ, ಮೂರು. ಗುರುವಾರ ನೀನು ಕೊಟ್ಟದ್ದು ಎರಡು. ಬುಧವಾರ ನಾನು ಕೊಟ್ಟಿದ್ದೀನಿ. ಗುರುವಾರವೂ ಕೊಟ್ಟಿದ್ದೀನಿ." ಹೇಳುತ್ತಾ ಹೇಳುತ್ತಾ ಅವಳ ಬಾಯಿ ಸಣ್ಣದಾಯಿತು. ಒಂದಾದರೂ ಕೂಡಿಬರಲಿಲ್ಲ. ಒಂದು ಸಲ ತಪ್ಪಿದರೆ ಪರವಾಗಿಲ್ಲ, ಕೊಟ್ಟದ್ದೂ ತಪ್ಪು, ತೆಗೆದುಕೊಂಡದ್ದೂ ತಪ್ಪು.

ಅಕ್ಕ ಬೀನ್ಸ್ ಕೆಳಗಿಟ್ಟಳು. ಅವಳ ಮುಖದಲ್ಲಿದ್ದ ಕೋಪ ಎಲ್ಲಿ ಹೋಯಿತೋ. ಆ ಜಾಗಕ್ಕೆ ಬಂದದ್ದನ್ನು ನೋಡಿ ಕಾಜಾದಮ್ಮನಿಗೆ ಕೋಪವೇ ವಾಸಿ ಅನ್ನಿಸಿತು. ಅಮ್ಮ ಏಳು ತಟ್ಟೆ ಇಟ್ಟಾಗ ಅಕ್ಕ ಹೀಗೆಯೇ ನೋಡುತ್ತಿದ್ದಳು.

"ಕೂತ್ಕೋ" ಅಂದಳು ಅಕ್ಕ, ಈಗ ಮೆಲ್ಲಗೆ. ಬಿಡಿಸಿದ ಕಾಳುಗಳಲ್ಲಿ ಎರಡು ಹಿಡಿ ತೆಗೆದು ಮೇಜಿನ ಮೇಲೆ ಸುರಿದಳು. "ಎಷ್ಟಿದೆ ನೋಡು."

"ನನ್ನ ಪರೀಕ್ಷೆ ಮಾಡ್ತೀಯಾ?"

"ಹೂಂ."

ಕಾಜಾದಮ್ಮ ಕತ್ತರಿ ಪಕ್ಕಕ್ಕಿಟ್ಟು ಕಾಳುಗಳನ್ನು ಒಂದೊಂದೇ ಈ ಕಡೆ ಎಳೆದಳು. ಕಾಳು ಎಣಿಸಲು ಇಷ್ಟು ಹೆದರಿದವರು ಭೂಮಿಯ ಮೇಲೆ ಇರಲಾರರು. "ಐವತ್ತೆಂಟು" ಅಂದಳು. ಅಕ್ಕ ಅವನ್ನೇ ಆ ಕಡೆಗೆ ಎಳೆದುಕೊಂಡು ಎಣಿಸಿದಳು. ಐವತ್ತೆಂಟಕ್ಕೆ ಕೊನೆಯ ಕಾಳು ಬಂತು. ಅಕ್ಕ ಅದನ್ನು ಸ್ವಲ್ಪ ಹೊತ್ತು ಬೆರಳಿನಲ್ಲಿ ಒತ್ತಿ ಹಿಡಿದಿದ್ದಳು.

"ನಿನ್ನ ತಲೆಗೇನೂ ಆಗಿಲ್ಲ" ಅಂದಳು. "ನನ್ನದಕ್ಕೂ ಆಗಿಲ್ಲ. ಮತ್ತೆ ಮನೇಲಿ ಏನು ಹೊಸದು ಬಂದಿದೆ?"

"ಏನೂ ಇಲ್ಲ. ಫೋನು ಅದೇ, ನಂಬರೂ ಅದೇ. ಒಂದು ಡಬ್ಬಿ ಹಾಕಿದ್ದಾನೆ."

"ಡಬ್ಬಿನಾ?"

"ಮಿಟುಕುತ್ತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಜಾದಮ್ಮ ಅಕ್ಕನ ಫೋನಿನಿಂದ ತನ್ನ ಮನೆಗೆ ಕರೆ ಮಾಡಿದಳು. ಮಗಳು ಓಡಿಬಂದು ಎತ್ತಿದಳು. "ಅಮ್ಮ, ಎಲ್ಲಿದ್ದೀಯ? ಬಾಗಿಲು ಹಾರು ಹೊಡೆದಿದೆ, ಕೋಟು ನೆಲದ ಮೇಲೆ ಬಿದ್ದಿದೆ, ನಾನು ಬೀದಿಯೆಲ್ಲ ಹುಡುಕಿದೆ."

"ದೊಡ್ಡಮ್ಮನ ಮನೇಲಿದ್ದೀನಿ. ಅದೆಲ್ಲ ಆಮೇಲೆ. ಈಗ ನೀನು ಇಲ್ಲಿಗೆ ಫೋನ್ ಮಾಡು. ನಿನ್ನ ಕಿವೀಲಿ ಮೂರು ಸಲ ಸದ್ದಾಗಲಿ, ತಕ್ಷಣ ಇಟ್ಬಿಡು. ಸರಿಯಾಗಿ ಮೂರು."

"ಯಾಕೆ?"

"ಹೇಳಿದಷ್ಟು ಮಾಡು ತಾಯಿ."

ಅಕ್ಕ ಫೋನಿನ ಮೇಲೆ ಎರಡೂ ಅಂಗೈ ಹರಡಿ ಇಟ್ಟಳು. ಕಾಜಾದಮ್ಮ ಅದರ ಪಕ್ಕಕ್ಕೆ ಕಿವಿ ತಂದಳು. ಕೆಳಗೆ ಬೇಕರಿಯಲ್ಲಿ ತಟ್ಟೆಗಳ ಸದ್ದು. ಫೋನು ಹೊಡೆಯಿತು. ಒಂದು. ಎರಡು. ಇನ್ನೊಂದಕ್ಕೆ ಕಾದರು. ಬರಲಿಲ್ಲ. ಅಕ್ಕ ಎರಡು ಬೆರಳು ಎತ್ತಿದಳು. ಕಾಜಾದಮ್ಮನೂ ಎರಡು ಎತ್ತಿದಳು.

ಮತ್ತೆ ಮಗಳಿಗೆ ಕರೆ ಮಾಡಿದಳು. "ಎಷ್ಟು ಕೊಟ್ಟೆ?"

"ಮೂರು. ನೀನೇ ಹೇಳಿದ್ಯಲ್ಲ."

"ನಿಂಗೂ ತಪ್ಪುತ್ತೆ" ಅಂದಳು ಕಾಜಾದಮ್ಮ. "ದೇವರು ನಿನ್ನ ಚೆನ್ನಾಗಿಟ್ಟಿರಲಿ ಮಗಳೇ, ನಿಂಗೂ ಲೆಕ್ಕ ತಪ್ಪುತ್ತೆ." ಆ ಕಡೆಯಿಂದ ಮಗಳು ಅಮ್ಮ, ಅಮ್ಮ ಅನ್ನುತ್ತಿದ್ದಳು. ಇವಳು ಫೋನು ಇಟ್ಟು ಅಕ್ಕನ ಭುಜಕ್ಕೆ ಮುಖ ಒತ್ತಿ ಅತ್ತಳೋ ನಕ್ಕಳೋ, ಅಕ್ಕನಿಗೆ ಕೇಳಲಿಲ್ಲ, ಮೈ ಕುಲುಕುವುದು ಮಾತ್ರ ತಿಳಿಯಿತು. "ಸೂಜಿ ಚುಚ್ಚುತ್ತೆ, ಆ ಕಡೆ ಹೋಗು" ಅಂದಳು ಅಕ್ಕ. ಆದರೆ ನೂಕಲಿಲ್ಲ.

ಸೋಮವಾರ ಅಳಿಯ ವೈರಿನವನನ್ನು ಮತ್ತೆ ಕರೆಸಿದ. ಅವನು ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. "ನಮ್ಮದೇನೂ ತಪ್ಪಿಲ್ಲಮ್ಮ, ಇದು ಇರೋದೇ ಹೀಗೆ" ಅಂದ. "ನಿಮ್ಮ ಕರೆ ಇಲ್ಲಿಂದ ಪುಡಿ ಪುಡಿಯಾಗಿ ಹೋಗುತ್ತೆ. ಎಲ್ಲೆಲ್ಲೋ ಸುತ್ತಿ, ಅಲ್ಲಿ ಹೋಗಿ ಗಂಟೆ ಹೊಡೆಯೋಕೆ ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಏನೂ ಕೇಳದಿದ್ರೆ ಫೋನು ಸತ್ತಿದೆ ಅನ್ಕೊಳ್ತೀರಿ. ಅದಕ್ಕೆ ಡಬ್ಬಿ ತಾನೇ ನಿಮ್ಮ ಕಿವಿಗೆ ಟ್ರೂಂ ಅಂತಿರುತ್ತೆ."

"ಅಲ್ಲಿ ಹೊಡೆಯೋ ಮೊದಲೇ?"

"ಮೊದಲೇ."

"ಅಂದ್ರೆ ಸುಳ್ಳು ಹೇಳುತ್ತೆ."

"ಸುಳ್ಳಲ್ಲ, ಸಮಾಧಾನ. ಆ ಕಡೆಯಿಂದ ಬರೋವಾಗಲೂ ಅಷ್ಟೇ, ಅವರು ಇಟ್ಟ ಸುದ್ದಿ ಇಲ್ಲಿಗೆ ಮುಟ್ಟೋ ಹೊತ್ತಿಗೆ ಇನ್ನೊಂದು ಹೊಡೆದುಬಿಟ್ಟಿರುತ್ತೆ."

"ಹಳೇದು ಹೀಗಿರಲಿಲ್ಲ. ಅಲ್ಲಿ ಹೊಡೆದದ್ದೇ ಇಲ್ಲಿ ಕೇಳ್ತಿತ್ತು."

ವೈರಿನವನು ಮಂಡಿ ತಿಕ್ಕಿಕೊಂಡ. "ಹಾಗೂ ಇರಲಿಲ್ಲಮ್ಮ. ಹಳೇದರಲ್ಲೂ ನಿಮಗೆ ಕೇಳ್ತಿದ್ದದ್ದು ಅಲ್ಲಿನ ಗಂಟೆ ಅಲ್ಲ. ಎಕ್ಸ್‌ಚೇಂಜಿನಲ್ಲಿ ಒಂದು ಸದ್ದು ಹಾಕ್ತಿದ್ರು. ಲೆಕ್ಕ ಹೆಚ್ಚುಕಡಿಮೆ ಕೂಡ್ತಿತ್ತು, ಅಷ್ಟೇ."

ಅಳಿಯ ತಲೆಯಾಡಿಸಿದ. ಅವನಿಗೆ ಎಲ್ಲ ಅರ್ಥವಾಯಿತು. ಕಾಜಾದಮ್ಮನಿಗೆ ಅರ್ಥವಾಗುವುದಿರಲಿ, ಗೊತ್ತಿದ್ದದ್ದೂ ಕದಡಿತು. ಗಂಡ ಗೋಡೆಗೆ ಒರಗಿ ಕೂತ ಆ ಬೆಳಗ್ಗೆ ಅವಳು ನಾಲ್ಕು ರಿಂಗು ಕೊಟ್ಟಿದ್ದಳು. ಒಂದೊಂದು ಟ್ರೂಂ ಕೇಳಿದಾಗಲೂ ಅಕ್ಕನ ಮೇಜು, ಅಕ್ಕನ ಫೋನು, ಅದರ ಮೇಲೆ ಅಕ್ಕನ ಕೈ ಕಂಡಿತ್ತು. ಅಕ್ಕನ ಮನೆಯೊಳಗೇ ಕಿವಿ ಇಟ್ಟ ಹಾಗಿತ್ತು. ಅದೂ ಅಕ್ಕನ ಮನೆಯ ಗಂಟೆಯಲ್ಲವಂತೆ. ಯಾವುದೋ ಕೋಣೆಯಲ್ಲಿ ಯಾವುದೋ ಯಂತ್ರ ಅವಳಿಗೆ ಸಮಾಧಾನ ಹೇಳುತ್ತಿತ್ತಂತೆ. ಹಾಗಾದರೆ ಅವತ್ತು ಅಕ್ಕ ಚಪ್ಪಲಿ ಅದಲುಬದಲು ಮಾಡಿಕೊಂಡು ಓಡಿಬಂದದ್ದು ಯಾವ ಸದ್ದಿಗೆ? ವೈರಿನವನು ಎದ್ದು ನಿಲ್ಲಲು ಅಳಿಯ ಕೈ ಕೊಟ್ಟ.

ಒಂದು ಕಡಿಮೆಯಾದರೆ ಒಂದು ಹೆಚ್ಚು ಕೊಟ್ಟರಾಯಿತು ಅಂದಳು ಮಗಳು. ಎರಡು ದಿನ ಹಾಗೇ ನಡೆಸಿದರು. ಮೂರನೆಯ ದಿನ ಎರಡು ಕೊಟ್ಟರೆ ಎರಡೂ ಮುಟ್ಟಿಬಿಟ್ಟವು. ಒಂದೊಂದು ದಿನ ಬೇಗ ಹೋಗುತ್ತೆ, ಒಂದೊಂದು ದಿನ ನಿಧಾನ ಅಂತ ಅಳಿಯ ವಿವರಿಸಿದ. "ನಿನ್ನ ಲಿಫ್ಟೂ ಹೀಗೇನಾ?" ಅಂತ ಅತ್ತೆ ಕೇಳಿದ್ದಕ್ಕೆ ಅವನು ಎದ್ದುಹೋದ.

ಉಪಾಯ ಹೊಳೆದದ್ದು ಅಕ್ಕನಿಗೆ. ಭಾನುವಾರ ಬಂದು ಕಿಟಕಿಯ ಕುರ್ಚಿಯಲ್ಲಿ ಕೂತಿದ್ದಳು. ತಂಗಿ ಮಾತಿನ ನಡುವೆ ಬೆರಳಟೋಪಿಯಿಂದ ಕತ್ತರಿಯ ಮೇಲೆ ಸುಮ್ಮನೆ ಟಕ್ ಅನ್ನಿಸಿದಳು. ಅಕ್ಕ ಕತ್ತು ತಿರುಗಿಸಿದಳು. "ಅದು ಕೇಳ್ತು" ಅಂದಳು. "ಮಗ್ಗದಲ್ಲಿ ನೂಲು ಹರಿದಾಗ ಹಾಗೇ ಸದ್ದಾಗ್ತಿತ್ತು. ಮತ್ತೊಂದು ಸಲ ಹೊಡಿ."

ಅಂದಿನಿಂದ ಬೆಳಗ್ಗೆ ಏಳೂವರೆಗೆ ಕಾಜಾದಮ್ಮ ಫೋನು ಮಾಡಿ ಸುಮ್ಮನೆ ಕಾಯುತ್ತಾಳೆ. ಡಬ್ಬಿ ಎಷ್ಟು ಸಮಾಧಾನ ಹೇಳುತ್ತದೋ ಹೇಳಲಿ, ಎಣಿಸುವುದಿಲ್ಲ. ಅಕ್ಕ ಎತ್ತಿ "ಹೂಂ" ಅನ್ನುತ್ತಾಳೆ. ಆಗ ಇವಳು ಫೋನಿನ ಬಾಯಿಗೆ ಬೆರಳಟೋಪಿಯಿಂದ ಟಕ್ ಅಂತ ಹೊಡೆಯುತ್ತಾಳೆ. ಒಂದಕ್ಕೆ ಒಂದು, ಎರಡಕ್ಕೆ ಎರಡು. ನಡುವೆ ಯಾರೂ ಇಲ್ಲ, ತನ್ನ ಬೆರಳು, ಅಕ್ಕನ ಕಿವಿ. "ಒಂದು. ಸರಿ. ನಾನೂ ಚೆನ್ನಾಗಿದ್ದೀನಿ" ಅಂತ ಅಕ್ಕ ಬೇಕರಿಯವರಿಗೂ ಕೇಳುವ ಹಾಗೆ ಕೂಗಿ ಇಡುತ್ತಾಳೆ. ಮಾಸ್ತರ ಕೋಟುಗಳು ಮತ್ತೆ ಮೂವತ್ತಾರಕ್ಕೆ ಬಂದವು.

ಹೀಗೇ ತಿಂಗಳು ಕಳೆಯಿತು. ಒಂದು ಬೆಳಗ್ಗೆ ಕಾಜಾದಮ್ಮ ಒಂದು ಸಲ ಟಕ್ ಅನ್ನಿಸಿದಳು.

"ಎರಡಾ?" ಅಂದಳು ಅಕ್ಕ. "ಸರಿ ಬಾ. ಬೀನ್ಸ್ ತಂದಿದ್ದೀನಿ, ಬಿಡಿಸಿ ಕೊಡುವಿಯಂತೆ." ಇಟ್ಟೇಬಿಟ್ಟಳು.

ಕಾಜಾದಮ್ಮ ಫೋನು ಹಿಡಿದು ನಿಂತಳು. ಬೆರಳಟೋಪಿಯನ್ನು ತಿರುಗಿಸಿ ನೋಡಿದಳು. ಹೊಡೆದದ್ದು ಒಂದೇ. ಒಂದೇ ಅಲ್ಲವೇ? ಗೋಡೆಯ ಮೇಲೆ ಡಬ್ಬಿ ಮಿಟುಕುತ್ತಿತ್ತು. ಮತ್ತೆ ಮಾಡಿ ಇಲ್ಲವೆಂದು ಹೇಳೋಣವೆಂದರೆ ಇಲ್ಲ ಅನ್ನುವುದಕ್ಕೆ ಎಷ್ಟು ಟಕ್ಕು ಅಂತ ಅವರು ಗೊತ್ತುಮಾಡಿಕೊಂಡಿರಲಿಲ್ಲ. ಇನ್ನೂ ನಾಲ್ಕು ಕಾಜಾ ಬಾಕಿಯಿದ್ದ ಕೋಟನ್ನು ಮಡಚಿ ಚೀಲಕ್ಕೆ ಹಾಕಿದಳು. ಕತ್ತರಿಯನ್ನು ನೆನಪಿಟ್ಟುಕೊಂಡು ಬಟ್ಟೆಯಲ್ಲಿ ಸುತ್ತಿದಳು.

"ಎಲ್ಲಿಗಮ್ಮ?" ಅಂದಳು ಮಗಳು.

"ಅಕ್ಕನ ಮನೆಗೆ."

"ದೊಡ್ಡಮ್ಮ ಕರೆದಳಾ?"

"ಇಲ್ಲ" ಅಂದಳು ಕಾಜಾದಮ್ಮ ಚಪ್ಪಲಿ ಮೆಟ್ಟುತ್ತಾ. "ನಾನೇ ಬರ್ತೀನಿ ಅಂದೆನಂತೆ."